ತಮ್ಮನ ಕೈ ಮುರಿದವಳು

ನೀಲಾಂಬಿಕೆ ತನ್ನ ಒಡಹುಟ್ಟಿದ ತಮ್ಮನ ಬಲಗೈಯನ್ನು ಸ್ಪ್ಯಾನರಿನಿಂದ ಹೊಡೆದು ಮುರಿದಾಗ ನಾನು ಅಲ್ಲೇ ಇದ್ದೆ. ಊಟದ ಬೆಲ್ಲಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಸ್ಯಾಂಪಲ್ ಬಾಟಲಿ ಹಿಡಿದುಕೊಂಡು ಪ್ರೊಡಕ್ಷನ್ ಬ್ಲಾಕಿನ ಕಬ್ಬಿಣದ ಮೆಟ್ಟಿಲು ಹತ್ತಿ ಬಂದಿದ್ದೆ. ಮೊದಲನೇ ಏಟಿಗೆ ಅವನು ವಾಲ್ವಿನ ಚಕ್ರ ಬಿಡಲಿಲ್ಲ. ಎರಡನೇ ಏಟಿಗೆ ಮೂಳೆ ಮುರಿದ ಸದ್ದು ಅಷ್ಟು ಮೋಟಾರುಗಳ ಗದ್ದಲದಲ್ಲೂ ನನಗೆ ಕೇಳಿಸಿತು. ಅವನು ಮೊಣಕಾಲೂರಿ ಕುಸಿದ. ಅವಳು ಅವನನ್ನು ದಾಟಿಕೊಂಡು ಹೋಗಿ ವಾಲ್ವ್ ಮುಚ್ಚಿದಳು. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಹುಣಸೂರಿನಲ್ಲಿ ಈ ಕತೆಯನ್ನು ಈಗ ಯಾರು ಬೇಕಾದರೂ ಹೇಳುತ್ತಾರೆ. ಜಮೀನಿನ ಜಗಳವಂತೆ. ಮದುವೆಯಿಲ್ಲದೆ ಉಳಿದ ಹೆಂಗಸಿಗೆ ತಲೆ ಕೆಟ್ಟಿತ್ತಂತೆ. ತಮ್ಮನ ಹೆಂಡತಿಯ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಂಡಳಂತೆ. ಟೀ ಅಂಗಡಿಯ ಮುಂದೆ ನಿಂತು ಇಂಥದ್ದನ್ನೆಲ್ಲ ಹೇಳುವವರಲ್ಲಿ ಒಬ್ಬನಾದರೂ ರಿಯಾಕ್ಟರ್ ಹೇಗಿರುತ್ತದೆಂದು ಕಂಡವನಲ್ಲ. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ನನ್ನ ಹೆಸರು ಸುಕನ್ಯ. ಅದೇ ಕಾರ್ಖಾನೆಯ ಕ್ವಾಲಿಟಿ ಲ್ಯಾಬಿನಲ್ಲಿ ಕೆಲಸ. ಅವಳು ಮಾಡಿಸಿದ ಮದ್ದು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಹೇಳುವವಳು ನಾನು. ಇಬ್ಬರೂ ಒಂದೇ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದ್ದೇವೆ. ಬುತ್ತಿ ಹಂಚಿಕೊಂಡು ತಿಂದಿದ್ದೇವೆ, ಜಗಳವಾಡಿ ಮಾತು ಬಿಟ್ಟಿದ್ದೇವೆ, ಮತ್ತೆ ಆಡಿದ್ದೇವೆ.

ನೀಲಾಂಬಿಕೆ ಗಾವಡಗೆರೆ ಹತ್ತಿರದವಳು. ತಂದೆ ಚಿಕ್ಕಬಸಪ್ಪ ಹೊಗೆಸೊಪ್ಪಿನ ಬೆಳೆಗಾರ. ಜಮೀನಿನ ಮೂಲೆಯಲ್ಲಿ ಸ್ವಂತ ಬ್ಯಾರನ್ ಇತ್ತು. ನಮ್ಮ ಕಡೆಯವರಿಗೆ ಬ್ಯಾರನ್ ಎಂದರೇನೆಂದು ಹೇಳಬೇಕಾಗಿಲ್ಲ. ದೂರದವರಿಗಾಗಿ ಹೇಳುತ್ತೇನೆ: ಕಿಟಕಿಯಿಲ್ಲದ ಎತ್ತರದ ಮನೆ, ಒಳಗೆ ಸೂರಿನವರೆಗೂ ಕಡ್ಡಿಗಳಿಗೆ ಕಟ್ಟಿ ತೂಗುಬಿಟ್ಟ ಹಸಿ ಸೊಪ್ಪು, ಕೆಳಗೆ ನೆಲದುದ್ದಕ್ಕೂ ದಪ್ಪ ತಗಡಿನ ಪೈಪು, ಹೊರಗಿನ ಒಲೆಯಲ್ಲಿ ಸೌದೆ. ಹಗಲು ರಾತ್ರಿಯೆನ್ನದೆ ಕಾವು ಕೊಟ್ಟು ಸೊಪ್ಪನ್ನು ಹದ ಮಾಡಬೇಕು. ಕಾವು ಮೆಲ್ಲಗೆ ಏರುತ್ತ ಹೋಗಬೇಕು, ಒಂದು ಸಲ ಏರಿದ ಮೇಲೆ ಯಾವ ಕಾರಣಕ್ಕೂ ಇಳಿಯಬಾರದು. ಇಳಿದರೆ ದಂಟಿನಲ್ಲಿ ಉಳಿದ ನೀರು ಎಲೆಗೆ ವಾಪಸು ಬಂದು ಎಲೆ ಕಪ್ಪಾಗುತ್ತದೆ. ಕಪ್ಪು ಸೊಪ್ಪನ್ನು ಹರಾಜಿನಲ್ಲಿ ಯಾರೂ ಮೂಸುವುದಿಲ್ಲ. ಹಾಗಾಗಿ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಮುಂದೆ ಕೂತು ಬೆಳೆದವರಿಗೆಲ್ಲ ಒಂದೇ ಪಾಠ. ಕಾವು ಇಳಿಯಿತೋ, ಬೆಂಕಿ ಹಾಕು. ಯೋಚನೆ ಮಾಡಬೇಡ, ಕೇಳಬೇಡ, ಬೆಂಕಿ ಹಾಕು.

ಈ ಪಾಠವನ್ನು ಚಿಕ್ಕಬಸಪ್ಪ ಮಕ್ಕಳಿಗೆ ಕಲಿಸಿದ್ದು ಹೊಡೆದು. ಸೊಪ್ಪು ಕಟ್ಟುವ ಕಡ್ಡಿಯಿಂದಲೇ ಹೊಡೆಯುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ನೀಲಾಂಬಿಕೆ ಒಲೆಯ ಮುಂದೆ ಕೂತವಳು ಹಾಗೇ ತೂಕಡಿಸಿದಳು. ಅಪ್ಪ ಬಂದು ಥರ್ಮಾಮೀಟರ್ ನೋಡಿದ. ಅವಳು ಎಚ್ಚರವಾದದ್ದು ಬೆನ್ನ ಮೇಲೆ ಬಿದ್ದ ಏಟಿಗೆ. ಕಡ್ಡಿ ಮುರಿಯಿತು, ಇನ್ನೊಂದು ತೆಗೆದುಕೊಂಡ. ಅದೂ ಮುರಿಯಿತು. ಅವಳ ಬೆನ್ನಿನಲ್ಲಿ ಇವತ್ತಿಗೂ ಗುರುತುಗಳಿವೆ, ನಾನು ನೋಡಿದ್ದೇನೆ. ತಮ್ಮ ಚೇತನ್‌ಕುಮಾರನ ಸರದಿ ಬಂದಾಗ ಕಡ್ಡಿ ಸಾಲದು ಎನ್ನಿಸಿತೋ ಏನೋ, ಹುಡುಗನ ಅಂಗೈ ಹಿಡಿದು ಕಾದ ಪೈಪಿಗೆ ಒತ್ತಿದ.

"ಕಾವು ಅಂದ್ರೆ ಏನು ಅಂತ ಈಗ ಗೊತ್ತಾಯ್ತಾ? ಇನ್ಮ್ಯಾಕೆ ಮರೀತೀಯೇನ್ಲಾ?" ಎಂದನಂತೆ.

ತಾಯಿ ಸಿದ್ದಲಿಂಗಮ್ಮ ಹಟ್ಟಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಳಗೆ ಹೋಗಿ ಹರಳೆಣ್ಣೆ ತಂದಳು. ಇದನ್ನು ನೀಲಾಂಬಿಕೆ ನನಗೆ ಹೇಳಿದ್ದು ಬಸ್ಸಿನಲ್ಲಿ, ಕಡಲೆಕಾಯಿ ಸುಲಿಯುತ್ತ, ನಗುತ್ತ. ನನಗೆ ನಗು ಬರಲಿಲ್ಲ. ಆ ಮನುಷ್ಯನನ್ನು ನಾನು ಯಾವತ್ತೂ ಕ್ಷಮಿಸಿಲ್ಲ. ನನ್ನ ಕ್ಷಮೆಯನ್ನು ಅವನೇನೂ ಕೇಳಿಲ್ಲ, ಅದು ಬೇರೆ ವಿಚಾರ.

ಹೊಡೆತ ತಪ್ಪಿಸಿಕೊಳ್ಳಲು ಅವಳು ಹಿಡಿದ ದಾರಿ ಓದು. ಹುಣಸೂರಿನಲ್ಲಿ ಬಿ.ಎಸ್ಸಿ., ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಗಂಡು ನೋಡಲು ಬಂದವರ ಮುಂದೆ ಅಪ್ಪ ಕೆನ್ನೆಗೆ ಬಿಗಿದಾಗ ಅವಳೂ ತಿರುಗಿ ಬಿಗಿದಳು. ಬಂದವರು ಕಾಫಿ ಕುಡಿಯದೆ ಎದ್ದು ಹೋದರು. ಅವತ್ತಿನಿಂದ ಮನೆಯಲ್ಲಿ ಯಾರೂ ಅವಳ ಮೈಮುಟ್ಟಲಿಲ್ಲ, ಮದುವೆಯ ಮಾತೂ ಎತ್ತಲಿಲ್ಲ. ಕೆ.ಆರ್. ನಗರದ ರಸ್ತೆಯಲ್ಲಿ ನಮ್ಮ ಕಾರ್ಖಾನೆ ಶುರುವಾದಾಗ ಲ್ಯಾಬಿಗೆ ಟ್ರೈನಿಯಾಗಿ ಸೇರಿದಳು, ಹುಣಸೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದಳು. ಬರಬರುತ್ತ ಇಡೀ ಕಾರ್ಖಾನೆಗೆ ಪ್ರೋಸೆಸ್ ಕೆಮಿಸ್ಟ್ ಆದಳು.

ಈ ಪ್ರೋಸೆಸ್ ಕೆಮಿಸ್ಟ್ ಅನ್ನುವವರು ಮಾಡುವುದೇನು? ಲ್ಯಾಬಿನಲ್ಲಿ ಯಾರೋ ಒಬ್ಬರು ಬುಂಡೆಯಷ್ಟು ಗಾಜಿನ ಫ್ಲಾಸ್ಕಿನಲ್ಲಿ ಒಂದು ಚಿಟಿಕೆ ಮದ್ದು ಮಾಡಿರುತ್ತಾರೆ. ಅದನ್ನೇ ಎರಡು ಮಹಡಿ ಎತ್ತರದ ಉಕ್ಕಿನ ರಿಯಾಕ್ಟರಿನಲ್ಲಿ ಮೂಟೆಗಟ್ಟಲೆ ಮಾಡುವ ದಾರಿ ಹುಡುಕುವುದು ಇವರ ಕೆಲಸ. ಅಳತೆ ಹೆಚ್ಚಿಸಿದರೆ ಆಯಿತಲ್ಲ ಎಂದುಕೊಳ್ಳುವವರು ಕೇಳಿ. ಲೋಟದ ಕಾಫಿ ನೋಡುನೋಡುತ್ತ ಆರುತ್ತದೆ, ಹಂಡೆಯ ನೀರು ಮಧ್ಯಾಹ್ನದವರೆಗೂ ಸುಡುತ್ತಲೇ ಇರುತ್ತದೆ. ಫ್ಲಾಸ್ಕಿನಲ್ಲಿ ಹುಟ್ಟಿದ ಬಿಸಿ ಹೇಗೋ ಹೊರಗೆ ಹೋಗುತ್ತದೆ, ರಿಯಾಕ್ಟರಿನಲ್ಲಿ ಹುಟ್ಟಿದ್ದು ಒಳಗೇ ಉಳಿದು ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಅದನ್ನು ಹಿಡಿತದಲ್ಲಿ ಇಡಲು ಬಾರದಿದ್ದರೆ ಕಾರ್ಖಾನೆಯೇ ಬಾಂಬು.

ಮೂರನೇ ನಂಬರಿನ ರಿಯಾಕ್ಟರಿನಲ್ಲಿ ಬಿ.ಪಿ. ಮಾತ್ರೆಗೆ ಬೇಕಾದ ಒಂದು ಪುಡಿ ತಯಾರಾಗುತ್ತಿತ್ತು. ಪ್ರೋಸೆಸ್ ನೀಲಾಂಬಿಕೆಯದೇ. ಮೇಲಿನ ಟ್ಯಾಂಕಿನಿಂದ ಒಂದು ಆಸಿಡ್ಡನ್ನು ಸಣ್ಣ ಧಾರೆಯಲ್ಲಿ ಒಳಗೆ ಬಿಡಬೇಕು. ಒಳಗಿನ ಕಾವು ನಲವತ್ತರ ಆಸುಪಾಸಿನಲ್ಲಿದ್ದರೆ ಬಿದ್ದ ಹನಿ ಬಿದ್ದ ಹಾಗೇ ಕೆಲಸ ಮಾಡಿ ಮುಗಿಸುತ್ತದೆ. ಕಾವು ಕೆಳಗಿಳಿದರೆ ಮಾತ್ರ ಆಸಿಡ್ ಕೆಲಸ ಮಾಡದೆ ಸುಮ್ಮನೆ ಒಳಗೆ ಕೂಡಿಕೊಳ್ಳುತ್ತ ಹೋಗುತ್ತದೆ. ಆಗ ಧಾರೆ ನಿಲ್ಲಿಸಿ ಕೈಕಟ್ಟಿ ನಿಂತು ಕೆಮಿಸ್ಟನ್ನು ಕರೆಯಬೇಕು. ಅಪ್ಪಿತಪ್ಪಿಯೂ ಬಿಸಿ ಮುಟ್ಟಿಸಬಾರದು. ಮುಟ್ಟಿಸಿದರೆ ಕೂಡಿಕೊಂಡದ್ದೆಲ್ಲ ಒಟ್ಟಿಗೆ ಎದ್ದು, ಒಲೆಯ ಮೇಲೆ ಮರೆತ ಹಾಲಿನ ಹಾಗೆ ಉಕ್ಕಿ ಬರುತ್ತದೆ. ಹಾಲು ಉಕ್ಕಿದರೆ ಒಲೆ ಆರುತ್ತದೆ, ಇದು ಉಕ್ಕಿದರೆ ಉಕ್ಕಿನ ಮುಚ್ಚಳ ಸೂರು ಹರಿದುಕೊಂಡು ಹೋಗುತ್ತದೆ.

ರಿಯಾಕ್ಟರ್ ನೋಡಿಕೊಳ್ಳುವ ಆಪರೇಟರುಗಳು ಯಾರು? ಎಲ್ಲ ನಮ್ಮ ಸುತ್ತಲ ಹಳ್ಳಿಯವರು. ಹ್ಯಾಂಡ್‌ಪೋಸ್ಟಿನಿಂದ ಬರುವವರು, ಪಿರಿಯಾಪಟ್ಟಣದ ಕಡೆಯವರು, ಗಾವಡಗೆರೆಯವರು. ಮುಕ್ಕಾಲು ಪಾಲು ಬ್ಯಾರನ್ ಮುಂದೆ ಬೆಳೆದವರು. ಕಾವು ಗೊತ್ತಿರುವ ಜನ ಎಂದು ಮ್ಯಾನೇಜ್‌ಮೆಂಟಿನವರು ಹುಡುಕಿ ಹುಡುಕಿ ಸೇರಿಸಿಕೊಂಡಿದ್ದರು. ತಮ್ಮ ಚೇತನನನ್ನು ನೀಲಾಂಬಿಕೆಯೇ ಸೇರಿಸಿದ್ದಳು. ಅಪ್ಪನ ಬ್ಯಾರನ್ನಿನಿಂದ ಅವನನ್ನು ಬಿಡಿಸಿಕೊಂಡು ಬಂದೆ ಎಂದು ಹೆಮ್ಮೆ ಪಡುತ್ತಿದ್ದಳು. ಅವನಿಗೆ ಹೆಂಡತಿ ಪ್ರಿಯಾ, ಇಬ್ಬರು ಮಕ್ಕಳು, ಹೊಸ ಬೈಕು. ಅಕ್ಕ ಎಂದರೆ ಪ್ರಾಣ. ನನ್ನನ್ನು ಕಂಡರೆ ಮಾತ್ರ, "ಸುಕನ್ಯಕ್ಕ ಪಾಸ್ ಮಾಡುದ್ರೆ ನಮ್ಗೆ ಉಣ್ಣಕೆ, ಫೇಲ್ ಮಾಡುದ್ರೆ ಉಪಾಸ" ಎಂದು ಕಾಲೆಳೆಯುತ್ತಿದ್ದ.

ಆದರೆ ಅಲ್ಲೇ ಒಂದು ಅಪಾಯವಿದೆ ಎಂದು ಮೊದಲು ಕಂಡುಕೊಂಡವಳು ನೀಲಾಂಬಿಕೆ. ಕಾವು ಇಳಿದಾಗ ಬ್ಯಾರನ್ನಿನ ಜನರ ಕೈ ತಾನಾಗಿ ರಿಯಾಕ್ಟರಿಗೆ ಬಿಸಿ ಕೊಡುವ ಸ್ಟೀಮ್ ವಾಲ್ವಿನ ಕಡೆ ಹೋಗುತ್ತದೆ. ಅವಳು ಹೇಳಿಕೊಟ್ಟಿರಲಿಲ್ಲವೇ? ಗೋಡೆಗೆ ಕನ್ನಡದಲ್ಲಿ ಬರೆಸಿದ್ದಳು. ನಿಲ್ಲಿಸಿಕೊಂಡು ಬಾಯಿಪಾಠ ಮಾಡಿಸಿದ್ದಳು. ಕೇಳಿದರೆ ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದರು.

"ಬಾಯಿಗೆ ಗೊತ್ತದೆ, ಕೈಗೆ ಗೊತ್ತಿಲ್ಲ ಕಣೇ," ಎಂದಳು ನನಗೆ. "ನನ್ನ ಕೈಯೇ ಹೋಗುತ್ತೆ. ಲ್ಯಾಬಲ್ಲಿ ಟೆಂಪರೇಚರ್ ಇಳೀತಾ ಇದ್ರೆ ಬೆನ್ನು ಚುರ್ ಅನ್ನುತ್ತೆ, ಹಿಂದೆ ಅಪ್ಪ ಬಂದು ನಿಂತಂಗೆ. ನನಗೇ ಹಿಂಗಾದ್ರೆ ಅವುಕೆ ಹೆಂಗಾಗಬೇಡ?"

ಅವಳು ಕೇಳಿದ್ದು ಒಂದೇ ಒಂದು. ಆಸಿಡ್ ಬಿಡುವಷ್ಟು ಹೊತ್ತು ಮೂರನೇ ರಿಯಾಕ್ಟರಿನ ಸ್ಟೀಮ್ ಪೈಪಿಗೆ ಉಕ್ಕಿನ ಬಿಲ್ಲೆ ಕೂರಿಸಿ ಅಡ್ಡ ಕಟ್ಟಿ, ವಾಲ್ವ್ ತಿರುಗಿಸಿದರೂ ಸ್ಟೀಮ್ ಬರಬಾರದು. ಆಮೇಲೆ ಅದೇ ರಿಯಾಕ್ಟರಿಗೆ ಸ್ಟೀಮ್ ಬೇಕಾದಾಗ ಬಿಲ್ಲೆ ತೆಗೆಯಿರಿ. ಪ್ಲಾಂಟ್ ಹೆಡ್ ಒಪ್ಪಲಿಲ್ಲ. ಬಿಲ್ಲೆ ಹಾಕಿ ತೆಗೆಯಲು ಪ್ರತಿ ಬ್ಯಾಚಿಗೂ ಅರ್ಧ ಶಿಫ್ಟ್ ಹಾಳು ಎಂದ. ಹೈದರಾಬಾದಿನಲ್ಲಿ ಇಂಥ ಹತ್ತು ಪ್ಲಾಂಟ್ ನಡೆಸಿದ್ದೇನೆ, ಅಲ್ಲಿ ಯಾರೂ ಹೀಗೆ ಹೆದರಿಸಲಿಲ್ಲ ಎಂದ. ಅಲ್ಲಿ ಯಾರೂ ಬ್ಯಾರನ್ ಮುಂದೆ ಏಟು ತಿಂದು ಬೆಳೆದಿರಲಿಲ್ಲ ಸಾರ್ ಎಂದಳು ನೀಲಾಂಬಿಕೆ. ಅವನಿಗೆ ಅರ್ಥವಾಗಲಿಲ್ಲ. ಮಾತಿಗೆ ಮಾತು ಬೆಳೆದು ಅವಳು ಮೇಜಿನ ಗಾಜಿಗೆ ಗುದ್ದಿ ಒಡೆದಳು. ಕೈಗೆ ಹೊಲಿಗೆ ಬಿತ್ತು, ಬಿಲ್ಲೆ ಬೀಳಲಿಲ್ಲ.

ಆ ಬುಧವಾರ ಆದದ್ದು ಇಷ್ಟು. ಮೂರನೇ ರಿಯಾಕ್ಟರಿನ ಹೊರಮೈಗೆ ತಣ್ಣೀರು ಹರಿಸುವ ವಾಲ್ವನ್ನು ಹಿಂದಿನ ಶಿಫ್ಟಿನವರು ಬೇಕಾದ್ದಕ್ಕಿಂತ ಹೆಚ್ಚು ತೆರೆದು ಹೋಗಿದ್ದರು. ಕಾವು ಇಳಿಯುತ್ತ ಬಂತು. ಆಸಿಡ್ ಧಾರೆ ನಿಲ್ಲಲಿಲ್ಲ. ಡಿಸ್‌ಪ್ಲೇ ನೋಡಿದ ಚೇತನ್ ಸ್ಟೀಮ್ ವಾಲ್ವಿಗೆ ಕೈ ಹಾಕಿದ. ಅದೇ ಹೊತ್ತಿಗೆ ನೀಲಾಂಬಿಕೆ ಮೆಟ್ಟಿಲು ಹತ್ತಿ ಬಂದವಳು, "ಚೇತೂ, ಬುಡು!" ಎಂದು ಕಿರುಚಿದಳು. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಒಳಗೆ ಇಳಿಯಲಿಲ್ಲವೋ. ಅವನ ಕಣ್ಣು ಡಿಸ್‌ಪ್ಲೇ ಮೇಲೆ ನೆಟ್ಟಿತ್ತು, ಮುಖದ ತುಂಬ ಬೆವರು, ಚಕ್ರ ತಿರುಗಿಸುತ್ತಲೇ ಇದ್ದ. ಅವಳು ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಅವನು ಮೊಣಕೈಯಿಂದ ಜಾಡಿಸಿದ ಏಟಿಗೆ ಅವಳ ತುಟಿ ಒಡೆದು ರಕ್ತ ಚಿಮ್ಮಿತು, ಕಂಬಿಗೆ ಹೋಗಿ ಬಡಿದಳು. ಕಂಬಿಗೆ ತೂಗುಹಾಕಿದ್ದ ಸ್ಪ್ಯಾನರ್ ಅವಳ ಕೈಗೆ ಸಿಕ್ಕಿತು. ಮುಂದಿನದನ್ನು ಆಗಲೇ ಹೇಳಿದ್ದೇನೆ.

ವಾಲ್ವ್ ಮುಚ್ಚಿ, ಆಸಿಡ್ ನಿಲ್ಲಿಸಿ, ತಣ್ಣೀರು ಇನ್ನಷ್ಟು ಬಿಟ್ಟು, ನಮ್ಮನ್ನೆಲ್ಲ ಕೆಳಗೆ ಓಡಿಸಿದಳು. ಚೇತನನನ್ನು ಇಬ್ಬರು ಹೊತ್ತುಕೊಂಡು ಇಳಿಸಿದರು. ತಾನೊಬ್ಬಳೇ ಡಿಸ್‌ಪ್ಲೇ ಮುಂದೆ ನಿಂತಳು. ಕಾವು ಐವತ್ತು ದಾಟಿತು, ಅರವತ್ತರ ಹತ್ತಿರ ಹೋಯಿತು, ಅಲ್ಲೇ ತುಯ್ದಾಡಿತು, ಕೊನೆಗೆ ಇಳಿಯಿತು. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎನ್ನುವುದೇ ಅವಳ ಕುತ್ತಿಗೆಗೆ ಬಂತು. ಸಿಡಿದಿದ್ದರೆ ಅವಳು ಹೇಳಿದ್ದು ನಿಜವೆಂದು ನಂಬಲು ಜನ ಇರುತ್ತಿದ್ದರು. ಸಿಡಿಯದ ರಿಯಾಕ್ಟರನ್ನು ತೋರಿಸಿ ಯಾರನ್ನು ನಂಬಿಸುವುದು? ಮಾರನೇ ದಿನ ಆ ಬ್ಯಾಚಿನ ಪುಡಿ ನನ್ನ ಲ್ಯಾಬಿಗೇ ಬಂತು. ಪರೀಕ್ಷೆ ಮಾಡಿದೆ. ಚೊಕ್ಕವಾಗಿತ್ತು, ಪಾಸ್ ಎಂದು ಬರೆದೆ, ಬೇರೆ ಬರೆಯಲು ಆಗುವುದಿಲ್ಲವಲ್ಲ. ಪ್ಲಾಂಟ್ ಹೆಡ್ ಅದನ್ನೇ ಎಲ್ಲರ ಮುಂದೆ ಹಿಡಿದು, "ಬ್ಯಾಚ್ ಇಷ್ಟು ಚೆನ್ನಾಗಿ ಬಂದಿದೆ, ಅಪಾಯ ಎಲ್ಲಿತ್ತು? ಈಕೆ ಒಬ್ಬ ಕೆಲಸಗಾರನ ಕೈ ಮುರಿದದ್ದು ಯಾಕೆ?" ಎಂದ. ಸಾಯಂಕಾಲದೊಳಗೆ ಅವಳನ್ನು ಸಸ್ಪೆಂಡ್ ಮಾಡಿ ಗೇಟಿನಿಂದ ಹೊರಗೆ ಕಳಿಸಿದರು.

ಪ್ರಿಯಾ ಪೊಲೀಸಿಗೆ ದೂರು ಕೊಟ್ಟಳು. ಅವಳ ತಪ್ಪೆಂದು ನಾನು ಹೇಳಲಾರೆ. ಗಂಡನ ಕೈಯಲ್ಲಿ ಮೂಳೆ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು, ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದರು. ಸ್ಟೇಷನ್ನಿನಲ್ಲಿ ನೀಲಾಂಬಿಕೆಯನ್ನು ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂರಿಸಿದರು. ಅವಳು ರಿಯಾಕ್ಟರ್, ಆಸಿಡ್, ಕಾವು ಎಂದು ಬಿಡಿಸಿ ಹೇಳಿದಳು. ಪೇದೆಯೊಬ್ಬ, "ಮೇಡಂ, ಆ ಮಿಷನ್ನು ಸಿಡೀತಾ ಈಗ?" ಎಂದು ಕೇಳಿದ. ಇಲ್ಲ ಎಂದಳು. "ಮತ್ತೆ?" ಎಂದು ನಕ್ಕ. ನನ್ನ ಜಾಮೀನಿನ ಮೇಲೆ ಬಿಟ್ಟರು.

ಹೊರಗೆ ಸಿದ್ದಲಿಂಗಮ್ಮ ಕಾದಿದ್ದಳು. ಮಗಳು ಮೆಟ್ಟಿಲಿಳಿಯುತ್ತಿದ್ದ ಹಾಗೇ ಮುಂದೆ ಬಂದು ಕಾಲಿನ ಚಪ್ಪಲಿ ತೆಗೆದು ಹೊಡೆದಳು. "ನಿಮ್ಮಪ್ಪ ಸುಟ್ಟ. ನೀನ್ ಮುರ್ದೆ. ಆ ಮಗೀಗೆ ಇನ್ನೇನ್ ಮಾಡ್ಬೇಕು ಅಂತಿದ್ದೀಯೇ, ಪಾಪಿ ಮುಂಡೆ?" ಎಂದು ಕೂಗಿದಳು. ರಸ್ತೆಯ ಜನವೆಲ್ಲ ನಿಂತು ನೋಡಿದರು. ನಾನು ಅಡ್ಡ ಹೋದದ್ದಕ್ಕೆ ನನಗೂ ಒಂದು ಬಿತ್ತು.

ಚಪ್ಪಲಿ ಏಟಿಗಿಂತ ಕೆಟ್ಟದ್ದು ಇನ್ನೊಂದಿತ್ತು. ಚಿಕ್ಕಬಸಪ್ಪ ದೂರದ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕೂತಿದ್ದ. ವಯಸ್ಸಾಗಿದೆ, ಬೆನ್ನು ಬಾಗಿದೆ. ಮಗಳು ಹತ್ತಿರ ಬಂದಾಗ ಎದ್ದು ನಿಂತ. ಬಹಳ ವರ್ಷಗಳಲ್ಲಿ ಮೊದಲ ಸಲ ಅವಳ ಭುಜದ ಮೇಲೆ ಕೈಯಿಟ್ಟ.

"ಎರಡೇ ಏಟ್ಗೆ ಮುರ್ದಂತಲ್ಲ. ಅವ್ನಿಗೆ ಅಂಗೇ ಆಗ್ಬೇಕು, ಕಾವಿನ್ ಮುಂದೆ ಮೈಮರೀತಾನೆ. ನೀನು ನನ್ ಮಗಳು ಕಣವ್ವಾ," ಎಂದ.

ನೀಲಾಂಬಿಕೆ ಅವನ ಕೈ ಕಿತ್ತು ಎಸೆದಳು. ನಾಲ್ಕು ಹೆಜ್ಜೆ ನಡೆದು ಚರಂಡಿಯ ಪಕ್ಕ ಕೂತು ವಾಂತಿ ಮಾಡಿದಳು. ನಾನು ಬೆನ್ನು ಸವರುತ್ತ ಕೂತೆ. ಅವತ್ತು ಅವಳು ಅತ್ತದ್ದನ್ನು ನೋಡಿದೆ.

ಆದರೆ ಅವಳಿಗೆ ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. ಮೂರನೇ ರಿಯಾಕ್ಟರ್ ನಡೆಯುತ್ತಲೇ ಇತ್ತು. ಬಿಲ್ಲೆ ಹಾಕಿರಲಿಲ್ಲ. ಚೇತನನ ಜಾಗಕ್ಕೆ ಅಂಕಯ್ಯ ಬಂದಿದ್ದ. ವೀರನಹೊಸಹಳ್ಳಿಯವನು, ಸ್ವಂತ ಜಮೀನಿಲ್ಲದೆ ಚಿಕ್ಕಂದಿನಿಂದ ಕಂಡವರ ಬ್ಯಾರನ್ನಿಗೆ ಕಾವಲು ಕೂತು, ಸೊಪ್ಪು ಕಪ್ಪಾದಾಗಲೆಲ್ಲ ಧಣಿಗಳ ಕೈಲಿ ಒದೆಸಿಕೊಂಡು ಬೆಳೆದವನು. ಬಲು ಮೆತ್ತಗಿನ ಮನುಷ್ಯ. ಅವನ ಹೆಸರು ಕೇಳಿದ್ದೇ ನೀಲಾಂಬಿಕೆ ಎದ್ದು ನಿಂತಳು. "ನನ್ ತಮ್ಮನಿಗಿಂತ ಜಾಸ್ತಿ ಏಟು ತಿಂದವನು ಅವನು. ಅವನ ಕೈ ಖಂಡಿತ ಹೋಗುತ್ತೆ ಕಣೇ," ಎಂದಳು.

ಗೇಟಿಗೆ ಹೋದಳು. ಸೆಕ್ಯುರಿಟಿಯವರು ತಡೆದರು. ನುಗ್ಗಿದಳು. ಎಳೆದಾಡಿ, ಕುಪ್ಪಸದ ತೋಳು ಹರಿದು, ಡಾಂಬರಿನ ಮೇಲೆ ದಬ್ಬಿದರು. ಮಾರನೇ ದಿನ ಮತ್ತೆ ಹೋದಳು, ಮತ್ತೆ ದಬ್ಬಿದರು. ಕಾರ್ಖಾನೆಗಳ ತಪಾಸಣೆ ಮಾಡುವ ಇನ್ಸ್‌ಪೆಕ್ಟರುಗಳ ಆಫೀಸಿಗೆ ಫೋನ್ ಮಾಡಿದಳು, ನೋಡೋಣ ಅಂದರು. ನಾನು ಪ್ಲಾಂಟ್ ಹೆಡ್ ಹತ್ತಿರ ಬಿಲ್ಲೆಯ ಮಾತೆತ್ತಿದ್ದಕ್ಕೆ, ನಿನ್ನ ಲ್ಯಾಬ್ ನೀನು ನೋಡಿಕೋ ಎಂಬ ಉತ್ತರ ಬಂತು.

ಆಮೇಲೆ ಒಂದು ಬೆಳಿಗ್ಗೆ ಹುಣಸೂರು ಸ್ಟ್ಯಾಂಡಿನಲ್ಲಿ ಅವಳು ಕಾರ್ಖಾನೆಯ ಬಸ್ಸನ್ನೇ ಹತ್ತಿದಳು. ಬಸ್ಸು ತುಂಬ ಜನ. ಮುಂದಿನ ಸೀಟಿನಲ್ಲಿ ಚೇತನ್ ಕೂತಿದ್ದ, ಪ್ಲಾಸ್ಟರ್ ಹಾಕಿದ ಕೈ ಕುತ್ತಿಗೆಗೆ ಕಟ್ಟಿಕೊಂಡು. ಅವನಿಗೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಅಕ್ಕ ತನ್ನನ್ನು ದಾಟಿ ಹೋಗಿ ಅಂಕಯ್ಯನ ಮುಂದೆ ನಿಂತದ್ದನ್ನು ನೋಡಿದ.

"ಅಂಕಯ್ಯ, ಕಾವು ಇಳುದ್ರೆ ಆಸಿಡ್ ನಿಲ್ಸು. ಸ್ಟೀಮ್ ಮುಟ್ಬೇಡ. ನಿನ್ ಕೈ ಹೋಗುತ್ತೆ, ನನಗ್ ಗೊತ್ತು. ಕೈ ಹೋದಂಗಾದ್ರೆ ಅಲ್ಲಿಂದ ಓಡ್ ಹೋಗು. ಕೆಲ್ಸ ಹೋದ್ರೆ ಹೋಗ್ಲಿ."

ಅಂಕಯ್ಯ ಎದ್ದು ನಿಂತ. ಅವಳ ಮುಂದೆ ಕೂರುವ ಅಭ್ಯಾಸ ಅವನಿಗಿರಲಿಲ್ಲ. "ನೀವ್ ಯೋಳ್ಕೊಟ್ಟಿದ್ದು ಗ್ಯಾಪ್ಕದಲ್ಲದೆ ಕಣಕ್ಕಾ. ನಾನು ಆ ವಾಲ್ವ್ ತಾವ್ಕೂ ಓಗಕಿಲ್ಲ, ಬುಡಿ," ಎಂದ.

"ಅವಳ್ ಮಾತ್ ಕೇಳ್ಬ್ಯಾಡ್ರಲಾ!" ಅವಳ ಬೆನ್ನ ಹಿಂದಿನಿಂದ ಚೇತನ್ ಕಿರುಚಿದ. "ಹುಚ್ಚು ಇಡ್ದದೆ ಅವಳ್ಗೆ. ನನ್ ಕೈ ನೋಡ್ರಿ. ಒಂದೇ ಒಟ್ಟೇಲಿ ಉಟ್ಟಿದವಳು ಕಣ್ರಲಾ ಇವಳು!"

ಎಡಗೈಯಿಂದ ಅಕ್ಕನ ಜಡೆ ಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದ. ಮೆಟ್ಟಿಲ ಮೇಲೆ ಅವಳು ಕಂಬಿ ಹಿಡಿದಾಗ ಕಾಲಿನಿಂದ ಎದೆಗೆ ಒದ್ದ. ಅವಳು ರಸ್ತೆಗೆ ಬಿದ್ದಳು. ಬಸ್ಸು ಹೊರಟಿತು. ಗಂಡಸರಲ್ಲಿ ಕೆಲವರು ನಕ್ಕರು, ಕೆಲವರು ಕಿಟಕಿಯಾಚೆ ನೋಡಿದರು. ನಾನು ಡ್ರೈವರನ ಬೆನ್ನಿಗೆ ಗುದ್ದಿ ಬಸ್ಸು ನಿಲ್ಲಿಸಿ ಇಳಿದು ಓಡಿದೆ. ಅವಳು ಎದ್ದು ಕೂತು ಸೀರೆಯ ಧೂಳು ಕೊಡವಿಕೊಳ್ಳುತ್ತಿದ್ದಳು. "ಅವನು ಸರಿಯಾಗಿ ಕೇಳಿಸ್ಕೊಂಡ್ನೇನೇ, ಅಂಕಯ್ಯ?" ಎಂದಳು.

ಅಂಕಯ್ಯ ಸರಿಯಾಗಿಯೇ ಕೇಳಿಸಿಕೊಂಡಿದ್ದ. ಆ ವಾರ ಯಾವ ತೊಂದರೆಯೂ ಆಗಲಿಲ್ಲ. ಮುಂದಿನ ವಾರ ಒಂದು ಮಧ್ಯಾಹ್ನ ಆಸಿಡ್ ಬಿಡುವಾಗ ಕಾವು ಇಳಿಯಿತು.

ನಾನು ಲ್ಯಾಬಿನಲ್ಲಿದ್ದೆ. ಮೊದಲು ಕಿವಿ ಮುಚ್ಚಿಕೊಂಡ ಹಾಗಾಯಿತು, ಆಮೇಲೆ ಶಬ್ದ. ಕಿಟಕಿಯ ಗಾಜೆಲ್ಲ ಒಳಕ್ಕೆ ಬಂತು. ಎದುರಿಗೆ ಕೂತಿದ್ದ ಹುಡುಗಿಯ ಕೆನ್ನೆ ಸೀಳಿತು, ಅವಳು ಕೆನ್ನೆ ಮುಟ್ಟಿಕೊಂಡು ಕೈಯನ್ನು ನೋಡುತ್ತ ಕೂತೇ ಇದ್ದಳು. ಹೊರಗೆ ಓಡಿದೆ. ಪ್ರೊಡಕ್ಷನ್ ಬ್ಲಾಕಿಗೆ ಸೂರು ಇರಲಿಲ್ಲ. ಕಂದು ಬಣ್ಣದ ಹೊಗೆ ನೆಲದ ಮೇಲೆ ಹರಿದು ಬರುತ್ತಿತ್ತು, ಎದೆಗೆ ಹೋದರೆ ಒಳಗೆಲ್ಲ ಕೆರೆದ ಹಾಗೆ. ಮೈಗೆ ಬೆಂಕಿ ಹೊತ್ತಿಕೊಂಡ ಒಬ್ಬ ಮೆಟ್ಟಿಲಿನಿಂದ ಧುಮುಕಿದ. ಸ್ಟೋರಿನಿಂದ ಓಡಿ ಬಂದ ಚೇತನ್ ಗೋಣಿಚೀಲ ಹಾಕಿ, ಅವನ ಮೇಲೆ ತಾನೇ ಬಿದ್ದು ಹೊರಳಾಡಿ ಆರಿಸಿದ. ಮತ್ತೆ ಒಳಗೆ ನುಗ್ಗಿ ಇನ್ನೊಬ್ಬನನ್ನು ಒಂದೇ ಕೈಲಿ ಎಳೆದು ತಂದ. ಅವರಿಬ್ಬರೂ ಬದುಕಿದರು. ಅಂಕಯ್ಯ ಬದುಕಲಿಲ್ಲ.

ಹೊಗೆ ತಿಳಿಯಾದ ಮೇಲೆ ಫೈರಿನವರ ಜೊತೆ ಮೇಲೆ ಹೋದವರಲ್ಲಿ ನಾನೂ ಒಬ್ಬಳು. ಏನು ನೋಡಿದೆನೆಂದು ಪೂರ್ತಿ ಬರೆಯುವುದಿಲ್ಲ, ಅವನಿಗೆ ಮಕ್ಕಳಿದ್ದಾರೆ. ಸ್ಟೀಮ್ ವಾಲ್ವ್ ತೆರೆದಿತ್ತು. ಅವನು ಬಿದ್ದದ್ದು ಅದರ ಬುಡದಲ್ಲಿ. ಹತ್ತಿರಕ್ಕೂ ಹೋಗುವುದಿಲ್ಲ ಎಂದಿದ್ದನಲ್ಲ, ಅದು ಸುಳ್ಳಲ್ಲ. ಕಾವು ಇಳಿಯುವುದು ಕಂಡಾಗ ಅವನ ಹಿಂದೆ ಯಾವ ಯಾವ ಧಣಿಗಳು ಬಂದು ನಿಂತರೋ.

ನನ್ನ ಪಕ್ಕದಲ್ಲಿ ಚೇತನ್ ನಿಂತಿದ್ದ. ವಾಲ್ವನ್ನು ನೋಡಿದ, ತನ್ನ ಪ್ಲಾಸ್ಟರ್ ನೋಡಿಕೊಂಡ. ಗೋಡೆಗೆ ಹಣೆ ಹಣೆ ಚಚ್ಚಿಕೊಳ್ಳತೊಡಗಿದ. ಫೈರಿನವರು ಇಬ್ಬರು ಹಿಡಿದುಕೊಂಡರೂ ನಿಲ್ಲಲಿಲ್ಲ.

ಸಂಜೆ ಅವನು ಅಕ್ಕನ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಹೊಸಿಲ ಹೊರಗೆ ನಿಂತು, "ಬಸ್ಸಿಂದ ಒದ್ದೆನಲ್ಲಕ್ಕ," ಎಂದ. ಅವಳು ಒಳಗೆ ಕರೆದು ಹಣೆಯ ಗಾಯ ತೊಳೆದಳು, ತಟ್ಟೆಗೆ ಅನ್ನ ಹಾಕಿದಳು. ಅವನ ಬಲಗೈ ಆಗದಲ್ಲ, ಕಲಸಿ ತಿನ್ನಿಸಿದಳು. ಅವನು ಒಂದು ತುತ್ತು ನುಂಗುವುದು, ಬಿಕ್ಕುವುದು.

ಪ್ಲಾಂಟ್ ಹೆಡ್ ಮೇಲೆ ಕೇಸಾಯಿತು, ಈಗಲೂ ನಡೆಯುತ್ತಿದೆ. ಅವನು ಇನ್ನೆಲ್ಲೋ ಕೆಲಸದಲ್ಲಿದ್ದಾನೆಂದು ಕೇಳಿದ್ದೇನೆ, ಹಾಳಾಗಿ ಹೋಗಲಿ. ನೀಲಾಂಬಿಕೆಯನ್ನು ಮತ್ತೆ ಕರೆದರು. ಹೋದಳು. ಈಗ ಪ್ರತಿ ರಿಯಾಕ್ಟರಿನ ಬಿಲ್ಲೆಯನ್ನು ಅವಳೇ ಕೈಯಾರೆ ಮುಟ್ಟಿ ನೋಡದೆ ಒಂದು ಹನಿ ಆಸಿಡ್ ಇಳಿಯುವುದಿಲ್ಲ. ಎಲ್ಲರೂ ಅವಳಿಗೆ ಹೆದರುತ್ತಾರೆ, ನಾನೂ ಸ್ವಲ್ಪ ಹೆದರುತ್ತೇನೆ. ಇದೆಲ್ಲ ಆಮೇಲಿನ ಮಾತು. ನಾನು ಹೇಳಬೇಕಾದದ್ದು ಅಂಕಯ್ಯನ ಮಣ್ಣಿನ ದಿನದ್ದು.

ಹೋಗಬೇಡ ಎಂದು ಚೇತನ್ ಅಂಗಲಾಚಿದ. "ಫ್ಯಾಕ್ಟ್ರಿ ಕಡೇರು ಅಂದ್ರೆ ಅಳ್ಳಿಯೋರು ಕೊಚ್ಚಾಕ್ತಾರೆ ಕಣಕ್ಕ." ಅವಳು ಚಪ್ಪಲಿ ಮೆಟ್ಟಿ ಹೊರಟಾಗಿತ್ತು. ನಾವಿಬ್ಬರೂ ಹಿಂದೆ ಹೋದೆವು. ವೀರನಹೊಸಹಳ್ಳಿಗೆ ನಾವು ಮುಟ್ಟುವ ಹೊತ್ತಿಗೆ ಕಾರ್ಖಾನೆಯ ಜೀಪಿಗೆ ಕಲ್ಲು ಬಿದ್ದು ಗಾಜು ಪುಡಿಯಾಗಿತ್ತು. ಹಾರ ಹಿಡಿದು ಬಂದಿದ್ದ ಪ್ಲಾಂಟ್ ಹೆಡ್ ತಲೆ ಮೇಲೆ ಕೈ ಹೊತ್ತು ಓಡಿ ಜೀಪು ಹತ್ತುತ್ತಿದ್ದ. ಅವನ ಹಾರ ದಾರಿಯಲ್ಲಿ ಬಿದ್ದು ಜನರ ಕಾಲಿಗೆ ಸಿಕ್ಕಿತ್ತು. ಒಬ್ಬ ನಮ್ಮ ಕಡೆಗೂ ಕಲ್ಲೆತ್ತಿದ. ಚೇತನ್ ಅಕ್ಕನ ಮುಂದೆ ಬಂದು ನಿಂತು ಪ್ಲಾಸ್ಟರಿನ ಕೈ ಅಡ್ಡ ಹಿಡಿದ.

"ಬುಡ್ಲಾ, ಬರ್ಲಿ," ಎಂದಿತು ಒಳಗಿನಿಂದ ಒಂದು ದನಿ. ಅಂಕಯ್ಯನ ಹೆಂಡತಿ ಚಿಕ್ಕಬೀರಮ್ಮ. ಚಪ್ಪರದ ಕೆಳಗೆ, ಬಟ್ಟೆಯಲ್ಲಿ ಪೂರ್ತಿ ಸುತ್ತಿದ್ದ ಹೆಣದ ಪಕ್ಕ ಕೂತಿದ್ದಳು. ಮುಖ ತೋರಿಸುವ ಹಾಗಿರಲಿಲ್ಲ, ಅದಕ್ಕೆ ಸುತ್ತಿದ್ದರು. ಎದ್ದು ಬಂದಳು. ಅತ್ತು ಅತ್ತು ಕಣ್ಣು ಒಣಗಿ ಹೋಗಿತ್ತು. ಮೊದಲು ಚೇತನನನ್ನು, ಅವನ ಕೈಯನ್ನು, ಬಹಳ ಹೊತ್ತು ನೋಡಿದಳು. ಆಮೇಲೆ ನೀಲಾಂಬಿಕೆಯ ಕಡೆ ತಿರುಗಿದಳು.

"ಇವ್ನು ನಿನ್ ತಮ್ಮ ಅಲ್ವಾ?"

"ಹೂಂ."

"ಇವ್ನ್ ಕೈ ಮುರ್ದು ಉಳುಸ್ಕಂಡೆ." ಚಿಕ್ಕಬೀರಮ್ಮನ ದನಿ ಏರಲಿಲ್ಲ. "ನಮ್ಮೆಜಮಾನ್ರಿಗೆ ಬರೀ ಬಾಯಲ್ಲಿ ಯೋಳುದ್ದೆ. ಬಸ್ನಲ್ ನಿಂತ್ಕಂಡು ಬಾಯಲ್ಲಿ ಯೋಳುದ್ದೆ. ಅವುರ್ ಕೈ ಯಾಕ್ ಮುರೀನಿಲ್ಲ ನೀನು? ಅವ್ರು ನಿನ್ ಒಡಹುಟ್ಟಿದೋರಲ್ಲ ಅಂತಾನಾ?"

ನನಗೆ ಹೇಳಬೇಕೆನಿಸಿತು: ಇವಳನ್ನು ಗೇಟಿನಲ್ಲಿ ದಬ್ಬಿದರು, ಬಸ್ಸಿನಿಂದ ಒದ್ದರು, ಸ್ಟೇಷನ್ನಿನಲ್ಲಿ ನಕ್ಕರು, ಇನ್ನೇನು ಮಾಡಬೇಕಿತ್ತು ಇವಳು? ಬಾಯಿ ತೆರೆದೆ. ನೀಲಾಂಬಿಕೆ ನನ್ನ ಕೈ ಹಿಡಿದು ಅದುಮಿದಳು.

"ಮುರೀಬೇಕಾಗಿತ್ತು ಕಣವ್ವಾ," ಎಂದಳು.

ಚಿಕ್ಕಬೀರಮ್ಮ ಅವಳ ಕೆನ್ನೆಗೆ ಹೊಡೆದಳು. ಇನ್ನೊಂದು ಕೆನ್ನೆಗೆ ಹೊಡೆದಳು. ಎದೆಗೆ, ಭುಜಕ್ಕೆ, ಎರಡೂ ಕೈಯಲ್ಲಿ ಗುದ್ದತೊಡಗಿದಳು. ಚೇತನ್ ಮುಂದೆ ಬಂದ. "ಮುಟ್ಬೇಡ ಅವಳನ್ನ," ಎಂದಳು ನೀಲಾಂಬಿಕೆ. ಅಪ್ಪನ ಏಟನ್ನೇ ತಿರುಗಿಸಿ ಕೊಟ್ಟಿದ್ದ ಹೆಂಗಸು, ಎರಡು ಕೈಯನ್ನೂ ಕೆಳಗೆ ಬಿಟ್ಟು ನೆಟ್ಟಗೆ ನಿಂತಳು. ಅವಳ ತುಟಿ ಮತ್ತೆ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಚಿಕ್ಕಬೀರಮ್ಮ ಕೈ ಸೋಲುವ ತನಕ ಹೊಡೆದಳು. ಕೈ ಸೋತ ಮೇಲೆ ಅವಳ ಮೇಲೆಯೇ ಕುಸಿದಳು. ನೀಲಾಂಬಿಕೆ ಅವಳನ್ನು ಬೀಳದ ಹಾಗೆ ಹಿಡಿದುಕೊಂಡಳು. ಹೆಣ ಎತ್ತುವವರು ಬಂದು ಕರೆಯುವ ತನಕ ಇಬ್ಬರೂ ಹಾಗೆಯೇ ನಿಂತಿದ್ದರು.